ಗಾಳ ಹಾಕಲು ಗಡಿ ದಾಟುವ ಮುನ್ನ

ಆರಿದ್ರೆ ಮಳೆ ಬಿಡದೆ ಹೊಯ್ಯುತ್ತಿದೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಜಗಲಿಯಲ್ಲಿ ಕೂತಿದ್ದೆ. ಡೆಟ್ರಾಯಿಟ್‌ನಲ್ಲಿ ಕೆಲಸ ಮಾಡುವ ಪಕ್ಕದ ಮನೆ ಹುಡುಗ ರಜೆಗೆ ಬಂದಿದ್ದಾನೆ. "ಅಣ್ಣಾ, ನೀವು ಅಮೆರಿಕದಿಂದ ಕಾರಲ್ಲೇ ಕೆನಡಾಕ್ಕೆ ಹೋಗಿ ಮೀನು ಹಿಡಿದ್ರಂತಲ್ಲ, ನಂಗೂ ಹೋಗ್ಬೇಕು. ಏನೇನು ಬೇಕು?" ಅಂತ ಕೇಳಿದ. ಅವನಂಥವರು ಅಲ್ಲಿ ಇನ್ನೂ ಎಷ್ಟೋ ಜನ ಇದ್ದಾರೆ. ಅವರಿಗೂ ಸಿಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಅಮೆರಿಕಕ್ಕೆ ವಾಪಸ್ ಬರುವ ಕಾಗದ ನೋಡಿಕೊಳ್ಳಿ. ಹೋಗುವ ಕಾಗದ ಆಮೇಲೆ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ನನ್ನ ಸಾಗರದ ಗೆಳೆಯ ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲಿದ್ದ. ವೀಸಾ ಸ್ಟ್ಯಾಂಪಿನ ಅವಧಿ ಮುಗಿದಿತ್ತು. ಆದರೂ ಹೋಗಬಹುದು. ಕೆನಡಾದಲ್ಲಿ 30 ದಿನಕ್ಕಿಂತ ಜಾಸ್ತಿ ಇರದೆ ನೇರ ವಾಪಸ್ ಬಂದರೆ, ಅಮೆರಿಕದಲ್ಲಿ ಎಲ್ಲಿವರೆಗೆ ಇರಬಹುದು ಅಂತ ತೋರಿಸುವ ಐ-94 ದಾಖಲೆ ಚಾಲ್ತಿಯಲ್ಲಿದ್ದರೆ, ಹಳೆ ಸ್ಟ್ಯಾಂಪಿನ ಮೇಲೇ ಒಳಗೆ ಬಿಡುವ ನಿಯಮ ಇದೆ. ಅದಕ್ಕೆ ಆಟೋಮ್ಯಾಟಿಕ್ ರೀವ್ಯಾಲಿಡೇಶನ್ ಅನ್ನುತ್ತಾರೆ. ಆದರೆ ಆ ಪ್ರವಾಸದಲ್ಲೇ ಅಮೆರಿಕದ ಹೊಸ ವೀಸಾಕ್ಕೆ ಅರ್ಜಿ ಹಾಕಿದರೆ ಈ ಸೌಲಭ್ಯ ಹೋಯಿತು. ಹೇಗೂ ಹೋಗ್ತಿದ್ದೀವಿ, ಸ್ಟ್ಯಾಂಪಿಂಗೂ ಮುಗಿಸಿಬಿಡೋಣ ಅನ್ನಬೇಡಿ.

ಹೊರಡಲು ಎರಡು ವಾರ ಇದ್ದಾಗ ನಮ್ಮ ಅಡುಗೆಮನೆ ಟೇಬಲ್ ಮೇಲೆ ಅವನ ಕಾಗದ ಹರಡಿಕೊಂಡು ಕೂತೆವು. ಎಚ್-1ಬಿ ಮಂಜೂರಾತಿ ಮುಗಿಯಲು ಇನ್ನೂ ಒಂದು ವರ್ಷದ ಮೇಲಿತ್ತು. ಐ-94 ಮಾತ್ರ ಆ ತಿಂಗಳೇ ಮುಗಿಯುತ್ತಿತ್ತು. ಹಿಂದಿನ ಸಲ ಅವನು ಊರಿಂದ ಬಂದಾಗ ಪಾಸ್‌ಪೋರ್ಟ್ ಎಲ್ಲಿವರೆಗೆ ಇತ್ತೋ ಅಲ್ಲಿಗೇ ತಾರೀಖು ಕತ್ತರಿಸಿ ಕೊಟ್ಟಿದ್ದರು. ಅವನು ಪಾಸ್‌ಪೋರ್ಟ್ ಹೊಸದು ಮಾಡಿಸಿದ್ದ, ಐ-94 ತಾನಾಗಿ ಮುಂದೆ ಹೋಗಲಿಲ್ಲ. ಆ ತಾರೀಖು ದಾಟಿದ್ದರೆ ಅವನು ಅಲ್ಲಿ ಇರುವುದೇ ಅಕ್ರಮ ಆಗುತ್ತಿತ್ತು. ಪ್ರವಾಸ ಬಿಟ್ಟು ವಕೀಲರ ಹತ್ತಿರ ಓಡಿದೆವು. ಮುಂದಿನ ವರ್ಷ ಹೋದೆವು. ದಯವಿಟ್ಟು ನಿಮ್ಮದನ್ನು ಇವತ್ತೇ ತೆಗೆದು ನೋಡಿ.

ಇನ್ನು ಕೆನಡಾಕ್ಕೆ ಹೋಗುವ ಕಾಗದ. ಗ್ರೀನ್ ಕಾರ್ಡ್ ಇದ್ದರೆ ವೀಸಾ ಬೇಡ, ಪಾಸ್‌ಪೋರ್ಟೂ ಕಾರ್ಡೂ ಜೊತೆಗಿದ್ದರೆ ಸಾಕು. ಎಚ್-1ಬಿ ಅಥವಾ ಓದಲು ಹೋದವರ ಎಫ್-1 ವೀಸಾ ಮೇಲಿರುವ ಭಾರತೀಯರಿಗೆ ವಿಸಿಟರ್ ವೀಸಾ ಬೇಕೇ ಬೇಕು. ಬೆರಳಚ್ಚನ್ನು ಅಮೆರಿಕದಲ್ಲೇ ಕೊಡಬಹುದು. ಬೇಸಿಗೆ ಮೀನಿಗೆ ಚಳಿಗಾಲದಲ್ಲೇ ಅರ್ಜಿ ಹಾಕುವುದು ಒಳ್ಳೆಯದು.

ನಾವು ಐ-75 ಹಿಡಿದು ಉತ್ತರಕ್ಕೆ ಹೋದೆವು. ಐದು ಮೈಲಿ ಉದ್ದದ ಮ್ಯಾಕಿನಾ ಸೇತುವೆ ದಾಟಿ, ಸೂ ಸೇಂಟ್ ಮರೀ ಊರಿನ ಸೇತುವೆ ಮೇಲೆ ಕೆನಡಾದ ಒಂಟಾರಿಯೊ ಪ್ರಾಂತ್ಯ ಹೊಕ್ಕೆವು. ಗಡಿಯಲ್ಲಿ ಎಲ್ಲಿಗೆ, ಎಷ್ಟು ದಿನ, ಏನು ತಂದಿದ್ದೀರಿ ಅಂತ ಕೇಳುತ್ತಾರೆ. ಕೇಳಿದ್ದಕ್ಕೆ ನೇರವಾಗಿ ಹೇಳಿ. ಕೀ ಗೊಂಚಲಿನ ಪೆಪ್ಪರ್ ಸ್ಪ್ರೇ ಮನೆಯಲ್ಲೇ ಬಿಡಿ, ಕೆನಡಾದಲ್ಲಿ ಅದು ನಿಷಿದ್ಧ ಆಯುಧ. ಹಿತ್ತಲಲ್ಲಿ ಅಗೆದ ಎರೆಹುಳವನ್ನು ಮಣ್ಣಿನ ಸಮೇತ ಒಯ್ಯುವಂತಿಲ್ಲ. ಜೀವಂತ ಮರಿಮೀನು, ಜಿಗಣೆಯೂ ಒಯ್ಯುವಂತಿಲ್ಲ. ಅಲ್ಲಿನ ಅಂಗಡಿಯಲ್ಲೇ ಕೊಳ್ಳಿ.

ಮುಂದೆ ವಾವಾ ಕಡೆಗೆ ಹೈವೇ 17. ಬಲಕ್ಕೆ ಕಾಡು, ಎಡಕ್ಕೆ ಸುಪೀರಿಯರ್ ಸರೋವರ. ಗುಡ್ಡದ ಮೇಲೆ ಮಂಜು ಇಳಿದಾಗ ಗೆಳೆಯ ಕಾರು ನಿಲ್ಲಿಸು ಅಂದ. ಇಬ್ಬರೂ ಕೆಳಗಿಳಿದು ಸುಮ್ನೆ ನಿಂತೆವು. ಆಗುಂಬೆ ನೆನಪಾಗಿತ್ತು. ರಾತ್ರಿ ಮಾತ್ರ ಆ ರಸ್ತೆಯಲ್ಲಿ ಓಡಿಸಬೇಡಿ. ನಮ್ಮಲ್ಲಿ ಕಾಟಿ ಅಡ್ಡ ಬರುವ ಹಾಗೆ ಅಲ್ಲಿ ಮೂಸ್ ಅನ್ನುವ ಭಾರೀ ಜಿಂಕೆ ಬರುತ್ತದೆ.

ಮೀನಿನ ಲೈಸೆನ್ಸ್ ವಿಷಯದಲ್ಲಿ ನಮ್ಮವರು ಉದಾಸೀನ ಮಾಡುತ್ತಾರೆ. ಮೊದಲ ಮಳೆಗೆ ಹತ್ತುಮೀನು ಗದ್ದೆಗೆ ಏರಿದಾಗ ಕೂಣಿ ಒಡ್ಡಿ ಬೆಳೆದವರು ನಾವು, ಯಾರ ಅಪ್ಪಣೆಯನ್ನೂ ಕೇಳಿದ್ದಿಲ್ಲ. ಒಂಟಾರಿಯೊದಲ್ಲಿ 18 ತುಂಬಿದ ಹೊರದೇಶದವರಿಗೆ ಔಟ್‌ಡೋರ್ಸ್ ಕಾರ್ಡ್ ಅನ್ನುವ ಗುರುತಿನ ಚೀಟಿ, ಅದರ ಜೊತೆ ಲೈಸೆನ್ಸ್ ಎರಡೂ ಬೇಕು. ಒಂದೇ ದಿನದ ಲೈಸೆನ್ಸಿಗೆ ಕಾರ್ಡ್ ಬೇಡ. ಲೈಸೆನ್ಸಲ್ಲಿ ಎರಡು ಬಗೆ, ಸ್ಪೋರ್ಟ್ ಮತ್ತು ಕನ್ಸರ್ವೇಶನ್. ಎರಡನೆಯದು ಅಗ್ಗ, ಆದರೆ ಇಟ್ಟುಕೊಳ್ಳುವ ಮೀನೂ ಕಡಿಮೆ. ವಾಲೈ ಮೀನು ಬಹಳ ಕಡೆ ಮೊದಲನೆಯದಕ್ಕೆ 4, ಎರಡನೆಯದಕ್ಕೆ 2. ಎರಡು ದಿನಕ್ಕೆ ಹೋಗುವವರಿಗೆ ಕನ್ಸರ್ವೇಶನ್ ಧಾರಾಳ ಸಾಕು ಅನ್ನುವುದು ನನ್ನ ಅಭಿಪ್ರಾಯ. ಮಕ್ಕಳು ಲೈಸೆನ್ಸ್ ಇರುವ ದೊಡ್ಡವರ ಜೊತೆ ಗಾಳ ಹಾಕಬಹುದು, ಅವರು ಹಿಡಿದದ್ದು ದೊಡ್ಡವರ ಲೆಕ್ಕಕ್ಕೇ ಸೇರುತ್ತದೆ. ಫ್ರೀಜರಿನಲ್ಲಿ ಇಟ್ಟದ್ದೂ ಲೆಕ್ಕವೇ.

ಇಡೀ ಪ್ರಾಂತ್ಯವನ್ನು 20 ವಲಯ ಮಾಡಿದ್ದಾರೆ. ವಲಯ ಬದಲಾದರೆ ಮೀನಿನ ಉದ್ದ, ಎಣಿಕೆ, ಹಂಗಾಮು ಎಲ್ಲ ಬದಲು. ನೀವು ಹೋಗುವ ಕೆರೆಯ ಹೆಸರು ಹಾಕಿ ಆ ವರ್ಷದ ನಿಯಮ ಓದಿಕೊಳ್ಳಿ. ಬಹಳ ಕಡೆ ವಾಲೈ ಹಿಡಿಯಲು ಮೇ ಮೂರನೇ ಶನಿವಾರದಿಂದ ಬಿಡುತ್ತಾರೆ, ಅದಕ್ಕೆ ಮುಂಚೆ ಮೊಟ್ಟೆಯಿಡುವ ಕಾಲ. ಮೊದಲ ದಿನ ಗೆಳೆಯನ ಗಾಳಕ್ಕೆ ಮೊಳಕೈ ಉದ್ದದ್ದು ಬಿತ್ತು. ದೋಣಿಯಲ್ಲಿ ಅಳತೆಪಟ್ಟಿ ಹಿಡಿದರೆ ಆ ಕೆರೆಯಲ್ಲಿ ಇಟ್ಟುಕೊಳ್ಳಬಹುದಾದ ಗರಿಷ್ಠ ಉದ್ದಕ್ಕಿಂತ ಎರಡು ಬೆರಳು ಜಾಸ್ತಿ. ಅವನು ಅದನ್ನು ನೀರಿಗೆ ಬಿಟ್ಟು, ಬಾಲ ಬಡಿದು ಒಳಗೆ ಇಳಿಯುವ ತನಕ ಕೈ ನೀರಲ್ಲೇ ಇಟ್ಟಿದ್ದ. "ಚಿಬ್ಬಲಗುಡ್ಡೆ ಮೀನು ಅಂದ್ಕೊಂಡೆ ಮಾರಾಯ" ಅಂದ. ತುಂಗೆಯ ಆ ಮಡುವಿನಲ್ಲಿ ದೇವರ ಮೀನಿಗೆ ಅವಲಕ್ಕಿ ಹಾಕಿದ್ದೇವೆಯೇ ಹೊರತು ಗಾಳ ಹಾಕಿದವರಲ್ಲ.

ಸರ್ಕಾರಿ ಜಾಗದಲ್ಲಿ ಟೆಂಟ್ ಹಾಕುವುದಾದರೆ ಉತ್ತರ ಒಂಟಾರಿಯೊದಲ್ಲಿ ಹೊರದೇಶದವರಿಗೆ ಬೇರೆ ಪರ್ಮಿಟ್ ಬೇಕು. ನಾವು ಗುಡಿಸಲು ಬಾಡಿಗೆಗೆ ಹಿಡಿದೆವು.

ವಾಪಸ್ ತರುವ ಮೀನನ್ನು ಪೂರ್ತಿ ಸುಲಿಯಬೇಡಿ. ಯಾವ ಜಾತಿ, ಎಷ್ಟು ಅಂತ ನೋಡಿದ ಕೂಡಲೇ ಗೊತ್ತಾಗಬೇಕು. ಹಾಗಾಗಿ ಪ್ರತಿ ತುಂಡಿನಲ್ಲೂ ಒಂದಿಷ್ಟು ಚರ್ಮ ಬಿಟ್ಟು, ಬೇರೆಬೇರೆಯಾಗಿ ಕಟ್ಟಿ. ಅಮೆರಿಕದ ಗಡಿಯಲ್ಲಿ ಮೀನು, ತಿಂಡಿ ಎಲ್ಲ ಬಾಯಿಬಿಟ್ಟು ಹೇಳಿ. ಹಸಿ ಕರಿಬೇವು ಒಳಗೆ ಬಿಡುವುದಿಲ್ಲ. ಕೆನಡಾದ ಅಂಗಡಿಯಲ್ಲಿ ಕೊಂಡಿದ್ದ ನಮ್ಮ ಕರಿಬೇವನ್ನು ಕೊನೆ ರಾತ್ರಿ ವಾಟೆಹುಳಿ ಹಾಕಿದ ಮೀನುಸಾರಿಗೆ ಪೂರ್ತಿ ಒಗ್ಗರಣೆ ಕೊಟ್ಟು ಮುಗಿಸಿದೆವು.