ಹಾಡಿನ ಪುಸ್ತಕ ಕೈಗಿಟ್ಟ ಮೇಲೆ

"ಸ್ವಂತ ಹಾಡಿಗೆ ದುಡ್ಡು ಕೊಟ್ಟು ಯಾರು ಬರ್ತಾರೆ ಮಗಾ? ನಾಲ್ಕು ಸಿನಿಮಾ ಹಾಡು ಸೇರಿಸ್ಕೊಳ್ಳಿ." ನಮ್ಮ ಹಾಗೇ ಗಿಟಾರ್ ಹೆಗಲಿಗೇರಿಸಿಕೊಂಡು ಓಡಾಡುವ ಗೆಳೆಯರೇ ಹೇಳಿದ ಮಾತಿದು. ಮನೆಯವರೂ ಇದನ್ನೇ ಹೇಳಿದರು, ಸೌಂಡ್ ಸರ್ವೀಸಿನವರೂ ಹೇಳಿದರು. ಅದಾದ ಮೇಲೆ ಎರಡೂವರೆ ವರ್ಷದಲ್ಲಿ ಮೈಸೂರಿನ ನಾವು ನಾಲ್ವರು ಹೆಚ್ಚುಕಮ್ಮಿ 70 ಕಾರ್ಯಕ್ರಮ ಕೊಟ್ಟಿದ್ದೇವೆ. ಎಲ್ಲವೂ ಟಿಕೆಟ್ ಇಟ್ಟು, ಎಲ್ಲವೂ ನಮ್ಮದೇ ಹಾಡು. ಹೇಗೆ ಮಾಡಿದಿರಿ ಅಂತ ಕೇಳುವವರು ಈಗ ಜಾಸ್ತಿಯಾಗಿದ್ದಾರೆ, ಹಾಗಾಗಿ ಒಂದೇ ಸಲ ಬರೆದುಬಿಡುತ್ತೇನೆ. ನಾನು ಬೇಸ್ ಗಿಟಾರ್ ನುಡಿಸುವವನು. ಹಗಲು ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ. ಆ ಕೆಲಸವೇ ಕೊನೆಗೆ ಬ್ಯಾಂಡಿನ ಕೈ ಹಿಡಿಯಿತು.

2014ರಿಂದ 2019ರವರೆಗೆ ಬೆಂಗಳೂರಿನ ಪಬ್‌ಗಳನ್ನೇ ನಂಬಿಕೊಂಡಿದ್ದೆವು. ಒಂದು ರಾತ್ರಿಗೆ ನಾಲ್ವರಿಗೂ ಸೇರಿ 12,000. ಟಿಡಿಎಸ್ ಹಿಡಿದು ಕೈಗೆ ಬರುವುದು 10,800. ವ್ಯಾನಿಗೆ 3,500, ಊಟಕ್ಕೆ 900 ಕಳೆದರೆ ತಲೆಗೆ 1,600 ಉಳಿಯುತ್ತಿತ್ತು. ಅದೂ ಎರಡು ತಿಂಗಳಾದ ಮೇಲೆ, ಹತ್ತು ಸಲ ಫೋನ್ ಮಾಡಿದ ಮೇಲೆ. ಒಂದು ಕಡೆಯ ಒಂಬತ್ತು ಸಾವಿರ ಇವತ್ತಿಗೂ ಬಂದಿಲ್ಲ. ಮೂರು ಸೆಟ್‌ನಲ್ಲಿ ಒಂದೋ ಎರಡೋ ಕನ್ನಡ ಹಾಡಿಗೆ ಒಪ್ಪುತ್ತಿದ್ದರು, ಅದೂ ಗುರುತಿನ ಹಾಡಾಗಿರಬೇಕು. ರಾತ್ರಿ ಮದ್ದೂರಿನಲ್ಲಿ ಟೀ ಕುಡಿದು ಮನೆ ಸೇರುವಾಗ ಮೂರೂವರೆ ಆಗಿರುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಪ್ರೆಸ್ಸಿನಲ್ಲಿ ಮದುವೆ ಕರೆಯೋಲೆಯ ಪ್ರೂಫ್ ನೋಡುತ್ತಾ ಕೂತಿರುತ್ತಿದ್ದೆ.

ನವೆಂಬರ್ ಬಂದರೆ ರಾಜ್ಯೋತ್ಸವದವರ ಫೋನು. ಅವರಿಗೆ ಬೇಕಾದದ್ದು ರಸಮಂಜರಿ. ರಸಮಂಜರಿ ಮಾಡುವವರ ಮೇಲೆ ನನಗೆ ತುಂಬಾ ಗೌರವವಿದೆ. ಕೇಳಿದ ಹಾಡನ್ನು ಕೇಳಿದ ಶ್ರುತಿಯಲ್ಲಿ ನಿಂತ ಕಾಲಿನಲ್ಲೇ ನುಡಿಸುವ ಕೀಬೋರ್ಡಿನವರನ್ನು ನೋಡಿ ಕಲಿತಿದ್ದೇನೆ. ಆದರೆ ನಾವು ಅದಕ್ಕೆಂದು ಸೇರಿದವರಲ್ಲ. ಆನ್‌ಲೈನ್‌ನಲ್ಲಿ ಹಾಕಿದ ಒಂದು ಹಾಡು ಮೂರು ವರ್ಷದಲ್ಲಿ ಸುಮಾರು ಒಂದು ಲಕ್ಷ ಸಲ ಪ್ಲೇ ಆಯಿತು. ಅದರಿಂದ ಒಟ್ಟು ಬಂದದ್ದು ಆರೇಳು ಸಾವಿರ. ರೆಕಾರ್ಡಿಂಗಿಗೆ ಸುರಿದದ್ದು 45,000.

ದಾರಿ ತಿರುಗಿದ್ದು ಲಾಕ್‌ಡೌನ್ ಮುಗಿದ ಮೇಲೆ. 2021ರ ಕೊನೆಯಲ್ಲಿ ಗೆಳೆಯನೊಬ್ಬನ ಹಳೇ ಮನೆಯ ಹಜಾರದಲ್ಲಿ, ಮೈಕಿಲ್ಲದೆ, ಚಾಪೆ ಮೇಲೆ ಕೂತ 22 ಜನರಿಗೆ ಹಾಡಿದೆವು. ಏಳು ವರ್ಷದಲ್ಲಿ ಮೊದಲ ಸಲ, ಹಾಡಿನ ಮಧ್ಯೆ ಯಾರೂ ಮಾತಾಡಲಿಲ್ಲ. ಹಾಡು ಮುಗಿದ ಮೇಲೆ ಒಬ್ಬ ಅಜ್ಜಿ ನಮ್ಮ ಗಾಯಕಿಯನ್ನು ಪಕ್ಕಕ್ಕೆ ಕರೆದು, "ಮಗಳೇ, ಎರಡನೇ ಸೊಲ್ಲು ಏನಂದೆ? ಬರ್ಕೊಡ್ತೀಯಾ?" ಅಂದರು. ಹಾಲಿನ ಚೀಟಿಯ ಹಿಂದೆ ಬರೆದುಕೊಟ್ಟಳು.

ಆ ಚೀಟಿ ನನ್ನ ತಲೆಯಲ್ಲಿ ಉಳಿಯಿತು. ನಮ್ಮ ಅಜ್ಜಿಯ ಟ್ರಂಕಿನಲ್ಲಿ ಕಂಪನಿ ನಾಟಕದ ಹಾಡಿನ ಪುಸ್ತಕಗಳಿದ್ದವು. ತೆಳ್ಳಗಿನ ಕಾಗದ, ಮಡಚಿ ಪಿನ್ ಹೊಡೆದದ್ದು, ಬೆಲೆ ಎರಡಾಣೆ. ನಾಟಕ ನೋಡಲು ಬಂದವರು ಅದನ್ನು ಕೊಂಡು, ಮನೆಗೆ ಹೋಗಿ ಹಾಡಿಕೊಳ್ಳುತ್ತಿದ್ದರಂತೆ. ನೀನಾಸಂ ತಿರುಗಾಟದವರು 1985ರಿಂದ ತಮ್ಮದೇ ರಂಗಸಜ್ಜಿಕೆ, ತಮ್ಮದೇ ಬೆಳಕು ಹೊತ್ತು ಊರೂರು ತಿರುಗುತ್ತಿದ್ದಾರೆ. ನಾಟಕದವರಿಗೆ ಸಾಧ್ಯವಾದದ್ದು ನಾಲ್ಕು ಜನದ ಬ್ಯಾಂಡಿಗೆ ಯಾಕೆ ಆಗಬಾರದು ಅನ್ನಿಸಿತು. ನಮ್ಮ ಸೌಂಡು ನಾವೇ ಒಯ್ಯುವುದು, 80 ಜನಕ್ಕಿಂತ ದೊಡ್ಡ ಜಾಗ ಬೇಡವೆನ್ನುವುದು, 200 ರೂಪಾಯಿ ಟಿಕೆಟ್, ಬಂದವರಿಗೆಲ್ಲ ಹಾಡಿನ ಪುಸ್ತಕ. ಇಷ್ಟೇ ಯೋಜನೆ.

ದುಡ್ಡಿಗೆ ನಮ್ಮ ಡ್ರಮ್ಮರ್ ತನ್ನ ಕಿಟ್ ಮಾರಿದ. 34,000 ಬಂತು. ಕಿಟ್ ಆಟೋ ಹತ್ತಿದ ರಾತ್ರಿ ಅವನು ಊಟ ಮಾಡಲಿಲ್ಲ, ನಮಗೂ ಇಳಿಯಲಿಲ್ಲ. ಉಳಿದದ್ದನ್ನು ಎಲ್ಲರೂ ಸೇರಿ ಹಾಕಿ, ಸೆಕೆಂಡ್ ಹ್ಯಾಂಡಿನಲ್ಲಿ ಹತ್ತು ಚಾನೆಲ್ಲಿನ ಯಮಹಾ ಮಿಕ್ಸರು, 12 ಇಂಚಿನ ಎರಡು ಪವರ್ಡ್ ಸ್ಪೀಕರು, ಸ್ಟ್ಯಾಂಡು, ಕೇಬಲ್ಲು, ಗಿಟಾರನ್ನು ಮಿಕ್ಸರಿಗೆ ಜೋಡಿಸುವ ಒಂದು ಡಿಐ ಬಾಕ್ಸ್ ತಂದೆವು. ಒಟ್ಟು 75,000 ಆಸುಪಾಸು. ಡ್ರಮ್ಸ್ ಜಾಗಕ್ಕೆ ಕಹೋನ್ ಬಂತು, ಮೇಲೆ ಕೂತು ಕೈಯಲ್ಲಿ ಬಡಿಯುವ ಮರದ ಪೆಟ್ಟಿಗೆ. ಎಲ್ಲವೂ ಒಂದು ಓಮ್ನಿಯಲ್ಲಿ ಕೂರುತ್ತದೆ, ನಾವು ನಾಲ್ವರೂ ಕೂರುತ್ತೇವೆ. ಅದನ್ನು ಜೋಡಿಸುವ ಕ್ರಮ ಗಿಟಾರಿನವನಿಗೆ ಬಿಟ್ಟರೆ ಬೇರೆಯವರಿಗೆ ಗೊತ್ತಿಲ್ಲ.

ಮೊದಲ ಊರಿನಲ್ಲಿ ಬಂದವರು 11 ಜನ. ಸಾಮಾಜಿಕ ಜಾಲತಾಣದ ಜಾಹೀರಾತಿಗೆ 3,000 ಕೊಟ್ಟಿದ್ದೆವು, ಅದನ್ನು ನೋಡಿ ಬಂದವರು ಇಬ್ಬರು. ಹಾಕಿದ್ದೆಲ್ಲ ಕೈಬಿಟ್ಟು ಹೋಯಿತು.

ಎರಡನೇ ಊರಿನ ಕಥೆ ವಿವರವಾಗಿ ಹೇಳಬೇಕು, ಯಾಕೆಂದರೆ ಅಲ್ಲಿ ಜೀವಕ್ಕೇ ಅಪಾಯವಿತ್ತು. ಹಾಸನ ಕಡೆಯ ಒಂದು ಹಳೇ ಸಭಾಭವನ. ಸ್ಪೀಕರ್ ಆನ್ ಮಾಡುತ್ತಲೇ ಗುಂಯ್ ಎನ್ನುವ ಹಮ್ಮು. ಕೇಬಲ್ ಬದಲಾಯಿಸಿದೆವು, ಡಿಐ ಬಾಕ್ಸಿನಲ್ಲಿ ಹಮ್ ತಗ್ಗಿಸುವ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿದೆವು, ಸ್ವಲ್ಪ ಇಳಿಯಿತು. ಅಷ್ಟರಲ್ಲಿ ಗಿಟಾರಿನವನು ತಂತಿಯ ಮೇಲೆ ಕೈಯಿಟ್ಟುಕೊಂಡೇ ಮೈಕಿಗೆ ಬಾಯಿ ತಂದ. ಚುರ್ ಅಂತು. ತುಟಿಯ ಮೇಲೆ ಕೆಂಪಗೆ ಒಂದು ಚುಕ್ಕೆ. ಟೆಸ್ಟರ್ ತಂದು, ಗಿಟಾರಿನ ಸದ್ದು ದೊಡ್ಡದು ಮಾಡುವ ಆಂಪ್‌ನ ಕಬ್ಬಿಣಕ್ಕೆ ಮುಟ್ಟಿಸಿದರೆ ಉರಿಯುತ್ತಿದೆ. ಪ್ಲಗ್ ಪಾಯಿಂಟ್ ಬಿಚ್ಚಿಸಿ ನೋಡಿದರೆ ಅರ್ಥಿನ (ಕರೆಂಟನ್ನು ನೆಲಕ್ಕಿಳಿಸುವ ತಂತಿಯ) ತೂತಿದೆ, ಹಿಂದೆ ತಂತಿಯೇ ಇಲ್ಲ. ಮಿಕ್ಸರ್ ಹಾಕಿದ್ದ ಪಾಯಿಂಟಿಗೆ ಅರ್ಥ್ ಇತ್ತು, ಆಂಪ್ ಹಾಕಿದ್ದಕ್ಕೆ ಇರಲಿಲ್ಲ. ಆ ಎರಡರ ನಡುವೆ ನಮ್ಮ ಹುಡುಗನ ತುಟಿ ಇತ್ತು.

ಅಂದಿನಿಂದ ಯಾವ ಊರಿಗೆ ಹೋದರೂ ಮೊದಲು ಹೊರಗೆ ಬರುವುದು ಟೆಸ್ಟ್ ಲ್ಯಾಂಪು. ನೂರು ವ್ಯಾಟಿನ ಹಳೇ ಬಲ್ಬು, ಹೋಲ್ಡರು, ಎರಡು ವೈರು. ವೈರಿಂಗ್ ಗೊತ್ತಿರುವ ನಮ್ಮ ಕಹೋನಿನವನೇ ಫೇಸಿಗೂ ಅರ್ಥಿಗೂ ಹಿಡಿಯುತ್ತಾನೆ. ಬಲ್ಬು ಪೂರ್ತಿ ಉರಿದರೆ ಆ ಪಾಯಿಂಟು ಬಳಸುತ್ತೇವೆ. ಮಿಣಿಮಿಣಿ ಅಂದರೆ ಆ ಪಾಯಿಂಟ್ ಬೇಡ. ನಂಬಿಕೆಯ ಒಂದೇ ಪಾಯಿಂಟಿನಿಂದ 30 ಮೀಟರ್ ಎಕ್ಸ್‌ಟೆನ್ಷನ್ ಎಳೆದು ಎಲ್ಲವನ್ನೂ ಅದಕ್ಕೇ ಹಾಕುತ್ತೇವೆ. ಹಮ್ಮೂ ಹೋಯಿತು, ಶಾಕೂ ಹೋಯಿತು. ಹಮ್ ಹೋಗಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ.

ಮೂರನೇ ಪೆಟ್ಟು ಮಳೆಯದು. ಜುಲೈನಲ್ಲಿ ಸಾಗರದ ಕಡೆ ಜಿಂಕ್ ಶೀಟ್ ಹೊದಿಸಿದ ಒಂದು ಅಂಗಳ. ಎರಡನೇ ಹಾಡಿಗೆ ಮಳೆ ಹಿಡಿಯಿತು. ಶೀಟಿನ ಮೇಲೆ ಮಳೆ ಬಿದ್ದರೆ ಸ್ಪೀಕರ್ ಯಾವ ಲೆಕ್ಕ? ಮುಕ್ಕಾಲು ಗಂಟೆ ಸುಮ್ಮನೆ ಕೂತೆವು. ಮನೆಯವರು ಎಲ್ಲರಿಗೂ ಕಷಾಯ ಕೊಟ್ಟರು. "ಕೂತ್ಕಳಿ ಮಾರಾಯ್ರೆ, ಮಳೆ ಬಿಡ್ದೇ ಎಲ್ಲಿಗೆ ಹೋಗ್ತದೆ?" ಅಂತ ಯಜಮಾನರು ಸಮಾಧಾನ ಹೇಳಿದರು. ಆ ಹೊತ್ತಿನಲ್ಲಿ ಜನ ಪುಸ್ತಕ ತೆಗೆದು ಓದತೊಡಗಿದರು. ಮಳೆ ಇಳಿದು ಮತ್ತೆ ಶುರು ಮಾಡಿದಾಗ, ಇನ್ನೂ ಕೇಳಿಯೇ ಇರದ ಹಾಡಿನ ಪಲ್ಲವಿಯನ್ನು ಎರಡನೇ ಸುತ್ತಿಗೇ ಹಿಂದಿನ ಸಾಲಿನವರು ಹಿಡಿದುಬಿಟ್ಟರು. ನಾನು ಬೇಸ್ ನಿಲ್ಲಿಸಿ ಕೇಳಿದೆ. ಕಹೋನಿನವನೂ ನಿಲ್ಲಿಸಿದ. 50 ಜನ ನಮ್ಮ ಹಾಡು ಹಾಡುತ್ತಿದ್ದರು.

ಪುಸ್ತಕ ಹೇಗಿದ್ದರೆ ಕೆಲಸ ಮಾಡುತ್ತದೆ ಎಂಬುದನ್ನು ಆಮೇಲೆ ತಿದ್ದುತ್ತಾ ಹೋದೆ. ಮೊದಲ ಮುದ್ರಣದಲ್ಲಿ 11 ಪಾಯಿಂಟಿನ ಅಕ್ಷರ ಹಾಕಿದ್ದೆ, ಹಜಾರದ ಬೆಳಕಿನಲ್ಲಿ ವಯಸ್ಸಾದವರಿಗೆ ಕಾಣಲಿಲ್ಲ. ಈಗ 16. ಹೊಳೆಯುವ ಕಾಗದ ಬೇಡ, ದೀಪ ಹೊಡೆಯುತ್ತದೆ. 32 ಪುಟ, ಪ್ರತಿ ಹಾಡೂ ಎಡ ಪುಟದಲ್ಲೇ ಶುರುವಾಗಬೇಕು, ಹಾಡಿನ ಮಧ್ಯೆ ಪುಟ ತಿರುಗಿಸಿದರೆ ಎಲ್ಲರೂ ಸದ್ದು ಮಾಡುತ್ತಾರೆ. ಹಿಂಬದಿಗೆ ಕ್ಯೂಆರ್ ಕೋಡ್. ಒಂದಕ್ಕೆ 18 ರೂಪಾಯಿ ಬೀಳುತ್ತದೆ. ಬಾಗಿಲಲ್ಲಿ ಎಲ್ಲರ ಕೈಗೂ ಕೊಡುತ್ತೇವೆ. ಇಷ್ಟವಾದವರು ಹೋಗುವಾಗ 50 ಕೊಟ್ಟು ಇಟ್ಟುಕೊಳ್ಳಬಹುದು, ಬೇಡದವರು ವಾಪಸ್ ಕೊಡಬಹುದು. ಅರ್ಧಕ್ಕಿಂತ ಹೆಚ್ಚು ಜನ ವಾಪಸ್ ಕೊಡುವುದಿಲ್ಲ. ಮೊದಲ ಮೂರು ಹಾಡಿನ ಕ್ರಮದಲ್ಲಿ ಒಂದು ಉಪಾಯ ಮಾಡಿದ್ದೇವೆ, ಜನ ತಾವಾಗಿ ಬಾಯಿ ತೆರೆಯುವುದು ಅದರಿಂದ. ಅದನ್ನು ಸದ್ಯ ಬರೆಯುವುದಿಲ್ಲ, ಬಂದು ನೋಡಿದರೆ ತಿಳಿಯುತ್ತದೆ.

ಇನ್ನೊಂದು ವಿಷಯ. ಹೆಸರಾಂತ ಕವಿಗಳ ಕವಿತೆಗೆ ರಾಗ ಹಾಕಿ ಪುಸ್ತಕದಲ್ಲಿ ಸೇರಿಸೋಣ ಅಂತ ಗಾಯಕಿಗೆ ಆಸೆ. ವಚನ, ಶಿಶುನಾಳ ಷರೀಫರ ಪದಗಳಿಗೆ ತೊಂದರೆಯಿಲ್ಲ, ಷರೀಫರು ತೀರಿಕೊಂಡದ್ದು 1889ರಲ್ಲಿ. ಕವಿ ತೀರಿಕೊಂಡು 60 ವರ್ಷದವರೆಗೆ ಹಕ್ಕು ಮನೆಯವರದ್ದು ಅಥವಾ ಅವರಿಂದ ಪಡೆದವರದ್ದು. ಬೇಂದ್ರೆಯವರು 1981ರಲ್ಲಿ ಹೋದರು, ಅಂದರೆ 2041 ಮುಗಿಯುವವರೆಗೂ ಅನುಮತಿ ಬೇಕು. ವೇದಿಕೆ ಮೇಲೆ ಹಾಡುವಾಗ ಯಾರೂ ಕೇಳದೇ ಇರಬಹುದು. ಅಚ್ಚು ಹಾಕಿ ಮಾರುವಾಗ ಕೇಳಿಯೇ ಹಾಕಬೇಕು. ನಾವು ಒಂದು ಕವಿತೆಗೆ ಪತ್ರ ಬರೆದೆವು, ಐದು ತಿಂಗಳ ಮೇಲೆ ಒಪ್ಪಿಗೆ ಬಂತು. ಕಾದದ್ದಕ್ಕೆ ಬೇಸರವಿಲ್ಲ.

ಈಗಿನ ಲೆಕ್ಕ. ಶುಕ್ರವಾರ ಸಂಜೆ ಹೊರಟು ಭಾನುವಾರ ರಾತ್ರಿ ವಾಪಸ್, ಒಂದು ಸುತ್ತಿಗೆ ಹತ್ತಿರ ಹತ್ತಿರದ ಮೂರು ಊರು. ಒಂದೊಂದು ಕಡೆ ಸರಾಸರಿ 60 ಜನ. ಟಿಕೆಟ್ 36,000, ಪುಸ್ತಕ ಐದು ಸಾವಿರ ಚಿಲ್ಲರೆ, ಒಟ್ಟು 41,000. ಜಾಗ ಕೊಟ್ಟವರಿಗೆ ಟಿಕೆಟಿನ ನೂರಕ್ಕೆ 15, ಅಂದರೆ 5,400. ವ್ಯಾನಿಗೆ 5,500, ಮುದ್ರಣಕ್ಕೆ 1,900, ದಾರಿಖರ್ಚು 2,500. ಉಳಿಯುವುದು 26,000 ಹತ್ತಿರ. ಅದನ್ನು ಐದು ಪಾಲು ಮಾಡುತ್ತೇವೆ. ಐದನೆಯದು ಬ್ಯಾಂಡಿನ ಪಾಲು. ತಂತಿ, ಕೇಬಲ್, ಟೈರು, ರಿಪೇರಿ ಎಲ್ಲ ಅದರಿಂದಲೇ. ತಲೆಗೆ ಐದು ಸಾವಿರದ ಮೇಲೆ, ಅದೂ ಅವತ್ತೇ ರಾತ್ರಿ ಫೋನಿಗೆ ಬಂದು ಬೀಳುತ್ತದೆ. ಬ್ಯಾಂಡಿನ ಪಾಲಿನ ಪದ್ಧತಿ ಬಂದ ಮೇಲೆ ನಮ್ಮಲ್ಲಿ ದುಡ್ಡಿನ ಜಗಳ ನಿಂತೇ ಹೋಯಿತು. ಹೋದ ವರ್ಷ ಅದರಿಂದಲೇ ಡ್ರಮ್ಮರಿಗೆ ಒಂದು ಸ್ನೇರ್ ಡ್ರಮ್ ಮತ್ತು ಹೈ-ಹ್ಯಾಟ್ ತಾಳ ತಂದುಕೊಟ್ಟೆವು. ನನಗೆ ಇದಕ್ಕಿಂತ ಹೆಮ್ಮೆಯ ವಿಷಯ ಇನ್ನೊಂದಿಲ್ಲ.

ಜನ ಸೇರಿಸುವುದು ಜಾಗ ಕೊಟ್ಟವರ ಕೈಯಲ್ಲಿದೆ. ಪುಸ್ತಕದಂಗಡಿಯವರು, ಕ್ಲಿನಿಕ್ಕಿನ ಡಾಕ್ಟರು, ಹೈಸ್ಕೂಲು ಮೇಷ್ಟ್ರು, ಇವರು ಇಪ್ಪತ್ತು ಮನೆಗೆ ತಾವೇ ಫೋನ್ ಮಾಡಿದರೆ ಸಾಕು. ಅಂಗಳ, ತಾರಸಿ ಆದರೆ ಮೊದಲೇ ಠಾಣೆಯಿಂದ ಮೈಕಿಗೆ ಅನುಮತಿ ಪತ್ರ ಮಾಡಿಸಿಕೊಳ್ಳುತ್ತೇವೆ. ರಾತ್ರಿ ಹತ್ತರ ಮೇಲೆ ಹೇಗೂ ಮೈಕ್ ಹಾಕುವಂತಿಲ್ಲ, ನಾವು ಒಂಬತ್ತಕ್ಕೇ ಮುಗಿಸುತ್ತೇವೆ. ಎರಡನೇ ಸಲ ಅದೇ ಊರಿಗೆ ಹೋದಾಗ ಹಳೇ ಪುಸ್ತಕ ಹಿಡಿದುಕೊಂಡು ಬಂದವರು ಇದ್ದಾರೆ.

ಕೈ ಸುಟ್ಟುಕೊಂಡ ಪ್ರಯೋಗಗಳೂ ಇವೆ. ಕಾರಿನಲ್ಲಿ ಕೇಳಲಿ ಅಂತ ಹಾಡು ತುಂಬಿದ 50 ಪೆನ್‌ಡ್ರೈವ್ ಮಾಡಿಸಿದೆವು, ಒಂದಕ್ಕೆ 220 ಬಿತ್ತು. ಹೋದದ್ದು ಒಂಬತ್ತು. ಟೀ ಶರ್ಟ್ 40 ಮಾಡಿಸಿದ್ದರಲ್ಲಿ ದೊಡ್ಡ ಸೈಜಿನವೆಲ್ಲ ಇನ್ನೂ ರಟ್ಟಿನ ಪೆಟ್ಟಿಗೆಯಲ್ಲಿವೆ. ವೀಣೆಗೆ ಹಲಸಿನ ಮರ ಬಳಸುತ್ತಾರಲ್ಲ, ಕಹೋನಿಗೂ ನೋಡೋಣ ಅಂತ ಬಡಗಿಯ ಹತ್ತಿರ ಮಾಡಿಸಿದೆವು. ಪೆಟ್ಟಿಗೆ ಹಲಸು, ಮುಂದೆ 3 ಎಂಎಂ ಪ್ಲೈ. ನಾದ ಅದ್ಭುತ, ತೂಕ ಹೊರಲಾರದಷ್ಟು. ಮನೆಯಲ್ಲಿ ರೆಕಾರ್ಡಿಂಗಿಗೆ ಮಾತ್ರ ಬಳಸುತ್ತೇವೆ. ಎಸ್‌.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಇಪ್ಪತ್ತು ರೂಪಾಯಿಯ, ಅದುರು ಹಿಡಿಯುವ ಪೀಜೋ ಬಿಲ್ಲೆ ತಂದು ಕಹೋನಿನ ಒಳಗೆ ಅಂಟಿಸಿದ್ದೂ ಆಯಿತು, ತಗಡು ಬಡಿದ ಹಾಗೆ ಕೇಳಿಸಿತು. ಕೊನೆಗೆ ಹಿಂದಿನ ತೂತಿನಲ್ಲಿ ಒಂದು ಎಸ್‌ಎಂ58 ಮೈಕ್ ಇಟ್ಟು, ಅದನ್ನು ಒಂದು ರೀತಿ ಸುತ್ತಿ ಕಟ್ಟಿದ ಮೇಲೆ ಬಾಸ್ ಡ್ರಮ್ಮಿನಷ್ಟು ಗಟ್ಟಿ ಬಂತು. ಏನು ಸುತ್ತಿದ್ದೇವೆ ಅನ್ನುವುದು ಕಹೋನಿನವನ ಸ್ವತ್ತು, ಅವನನ್ನೇ ಕೇಳಿ.

ಬೇಸ್ ತಂತಿಗೆ ಈಗ ಸೆಟ್ಟಿಗೆ 2,400 ಆಗಿದೆ. ಹಳೇ ತಂತಿಯನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಒರೆಸಿ ಒಣಗಿಸಿದರೆ ಮತ್ತೆ ಎರಡು ಮೂರು ವಾರ ನಾದಕ್ಕೆ ಹೊಳಪು ಬರುತ್ತದೆ. ಮೂರು ಸಲ ಕುದಿಸಿದ ಮೇಲೆ ಬಿಟ್ಟುಬಿಡುತ್ತೇನೆ, ಶ್ರುತಿ ನಿಲ್ಲುವುದಿಲ್ಲ.

ಅಭ್ಯಾಸ ಮಂಗಳವಾರ, ಗುರುವಾರ ಏಳರಿಂದ ಒಂಬತ್ತು, ನಮ್ಮ ಮನೆಯ ಹಿಂದಿನ ಹಳೇ ಕೊಟ್ಟಿಗೆಯಲ್ಲಿ. ಮೊದಲು 600 ಮೊಟ್ಟೆ ಟ್ರೇ ಗೋಡೆಗೆ ಹೊಡೆದಿದ್ದೆವು. ಒಳಗಿನ ಪ್ರತಿಧ್ವನಿ ಕಡಿಮೆಯಾಯಿತು, ಹೊರಗೆ ಹೋಗುವ ಸದ್ದು ಚೂರೂ ಕಡಿಮೆಯಾಗಲಿಲ್ಲ. ಪಕ್ಕದ ಮನೆಯ ಮಗುವಿಗೆ ಪರೀಕ್ಷೆ ಇತ್ತು, ಪಾಪ. ಕಿಟಕಿಗೆ ಇಟ್ಟಿಗೆ ಕಟ್ಟಿಸಿ, ಬಾಗಿಲಿಗೆ ಹಳೇ ಹತ್ತಿ ಹಾಸಿಗೆ ಎರಡು ಪದರ ತೂಗುಹಾಕಿದ ಮೇಲೆ ಅವರ ಮನೆಗೆ ಕೇಳಿಸುತ್ತಿಲ್ಲ.

ಮಳೆಗಾಲದ ನಾಲ್ಕು ತಿಂಗಳು ಇನ್ನೂ ಬಿಡಿಸಲಾಗದ ಲೆಕ್ಕ. ಮಲೆನಾಡಿಗೆ ಹೋಗುವಂತಿಲ್ಲ, ಮೈಸೂರಿನ ತಾರಸಿಗಳಲ್ಲೂ ನಂಬಿಕೆಯಿಲ್ಲ. ಈ ಸಲ ಚಾಮರಾಜನಗರದ ಕಡೆ ಆರ್‌ಸಿಸಿ ಛಾವಣಿಯ ಎರಡು ಜಾಗ ನೋಡಿ ಬಂದಿದ್ದೇವೆ. ಒಂದರಲ್ಲಿ ಬಲ್ಬು ಪೂರ್ತಿ ಉರಿಯಿತು. ಇನ್ನೊಂದಕ್ಕೆ ಎಲೆಕ್ಟ್ರಿಷಿಯನ್ ಬಂದು ಅರ್ಥ್ ಹಾಕಿಕೊಡುತ್ತೇನೆ ಅಂದಿದ್ದಾರೆ.