ಬಿಳಿ ಚೆಂಡು ಕೊನೆಗೂ ಮಾತು ಕೇಳಿತು

ಜಯನಗರದ ಒಂದು ಪೂಲ್ ಪಾರ್ಲರ್‌ಗೆ ಎರಡು ವರ್ಷದಿಂದ ಹೋಗುತ್ತಿದ್ದೇನೆ. ಬಿಳಿ ಚೆಂಡಿನಿಂದ ಹೊಡೆದ ಬಣ್ಣದ ಚೆಂಡು ಟೇಬಲ್ಲಿನ ಪಾಕೆಟ್‌ಗೆ ಬೀಳುತ್ತಿತ್ತು. ಆದರೆ ಬಿಳಿ ಚೆಂಡು ಎಲ್ಲೋ ಓಡಿಹೋಗಿ ಮುಂದಿನ ಶಾಟ್‌ಗೆ ದಾರಿಯೇ ಇರುತ್ತಿರಲಿಲ್ಲ. ಬಿಲಿಯರ್ಡ್ಸ್, ಸ್ನೂಕರ್ ವಿಶ್ವ ಚಾಂಪಿಯನ್ ಪಂಕಜ್ ಅಡ್ವಾಣಿ ಆಟ ಕಲಿತ ಊರಿದು, ಇಲ್ಲಿದ್ದು ಇಷ್ಟಾದರೂ ಕಲಿಯಬೇಕು ಅಲ್ವಾ?

ಒಂದು ತಿಂಗಳು ಆಟ ಬಿಟ್ಟು ಸ್ಟಾಪ್ ಶಾಟ್ ಮಾತ್ರ ಹೊಡೆದೆ. ಬಿಳಿ ಚೆಂಡು, ಬಣ್ಣದ ಚೆಂಡು, ಪಾಕೆಟ್ ಮೂರೂ ಒಂದೇ ಸಾಲಿನಲ್ಲಿ. ಚೆಂಡುಗಳ ನಡುವೆ ಮೊದಲು 1 ಅಡಿ. ಮಧ್ಯಕ್ಕಿಂತ ಸ್ವಲ್ಪ ಕೆಳಗೆ ಹೊಡೆದರೆ ಬಿಳಿ ಚೆಂಡು ತಾಗಿದ ಜಾಗದಲ್ಲೇ ನಿಲ್ಲಬೇಕು. ಸತತ 5 ಸಲ ನಿಂತರೆ ಮಾತ್ರ 2 ಅಡಿ, ಆಮೇಲೆ 3.

3 ಅಡಿಗೆ ಬಂದಾಗ ಕೆಟ್ಟಿತು. ಚೆಂಡು ನಿಲ್ಲದೆ ಮುಂದಕ್ಕೆ ಹೋಗುತ್ತಿತ್ತು. ಕಾರಣ ಟೇಬಲ್ಲಿನ ಬಟ್ಟೆ. ಕೆಳಗೆ ಹೊಡೆದಾಗ ಚೆಂಡು ಹಿಂದಕ್ಕೆ ತಿರುಗುತ್ತಾ ಜಾರುತ್ತದೆ. ಬಟ್ಟೆಗೆ ಉಜ್ಜಿ ಉಜ್ಜಿ ಆ ತಿರುಗು ಕರಗಿ, ಕೊನೆಗೆ ಮುಂದಕ್ಕೆ ಉರುಳತೊಡಗುತ್ತದೆ. ದೂರ ಜಾಸ್ತಿಯಾದಷ್ಟೂ ಇನ್ನೂ ಕೆಳಗೆ ಹೊಡೆಯಬೇಕು, ಇಲ್ಲವೇ ಇನ್ನೂ ಜೋರಾಗಿ. ಜೋರು ಹೆಚ್ಚಿಸಿದರೆ ನನ್ನ ಗುರಿ ತಪ್ಪುತ್ತಿತ್ತು, ಹಾಗಾಗಿ ಇನ್ನೂ ಕೆಳಗೆ ಹೊಡೆಯತೊಡಗಿದೆ. ಕ್ಯೂ, ಅಂದರೆ ಹೊಡೆಯುವ ಕೋಲಿನ ಹಿಡಿತ ಸಡಿಲ ಮಾಡಿದೆ. ಪ್ರತಿ ಸಲ ಅದರ ತುದಿಗೆ ಚಾಕ್ ಹಚ್ಚಿದೆ, ಇಲ್ಲದಿದ್ದರೆ ತುದಿ ಚೆಂಡಿನ ಮೇಲೆ ಜಾರುತ್ತದೆ.

ಆಮೇಲೆ ಅದೇ ಹೊಡೆತವನ್ನು ಸ್ವಲ್ಪ ಓರೆಯಾಗಿ ಹೊಡೆದೆ. ಆಗ ಬಿಳಿ ಚೆಂಡು, ಬಣ್ಣದ ಚೆಂಡಿನ ದಾರಿಗೆ ಸುಮಾರು 90 ಡಿಗ್ರಿಯಲ್ಲಿ ಹೊರಡುತ್ತದೆ. ಆ ಗೆರೆ ಕಣ್ಣಿಗೆ ಕಟ್ಟಿದ ದಿನ ತುಂಬಾ ಖುಷಿಯಾಯಿತು.

ಈಗ ಒಂದೇ ಸರದಿಯಲ್ಲಿ ಮೂರ್ನಾಲ್ಕು ಚೆಂಡು ಹಾಕುತ್ತೇನೆ. ತಾಗಿದ ಮೇಲೆ ಬಿಳಿ ಚೆಂಡು ಹಿಂದಕ್ಕೆ ಬರುವ ಡ್ರಾ ಶಾಟ್ ಇನ್ನೂ ಕೈಗೆ ಹತ್ತಿಲ್ಲ. ಮುಂದಿನ ತಿಂಗಳು ಅದೇ ಕೆಲಸ.