ವಾಕಿಟಾಕಿ: ಒತ್ತಿದ ಮೇಲೆ ಒಂದು ಕ್ಷಣ, ಬಿಡುವ ಮುನ್ನ ಒಂದು ಕ್ಷಣ

ಕಟ್ಟಡದ ಸೈಟು, ಜಾತ್ರೆಯ ಸ್ವಯಂಸೇವಕರ ತಂಡ, ಅಪಾರ್ಟ್‌ಮೆಂಟಿನ ಗೇಟು, ಸಕ್ಕರೆ ಕಾರ್ಖಾನೆಯ ಯಾರ್ಡು, ಎಲ್ಲ ಕಡೆಯೂ ವಾಕಿಟಾಕಿ ಇದೆ. ಸೆಟ್ಟನ್ನು ಕೈಗೆ ಕೊಟ್ಟು "ಇದನ್ನ ಒತ್ತಿ ಮಾತಾಡು" ಎಂದರೆ ಅಲ್ಲಿಗೆ ತರಬೇತಿ ಮುಗಿಯಿತು. ಹೊಸಬರು ಮೊದಲು ಕೇಳುವುದು ರೇಡಿಯೇಷನ್ ಬಗ್ಗೆ. ಅದಕ್ಕೆ ಉತ್ತರ ಮುಂದೆ ಬರುತ್ತದೆ. ಆದರೆ ನಮ್ಮ ಲೆಕ್ಕದಲ್ಲಿ ಹೆಚ್ಚಿನ ಅಪಾಯ ಇರುವುದು ಅರ್ಧ ಕೇಳಿಸಿದ ಮಾತಿನಲ್ಲಿ. ಆದ್ದರಿಂದ ಮಾತಿನಿಂದಲೇ ಶುರು ಮಾಡುತ್ತೇವೆ.

ಮಾತಿನ ತಲೆ ಮತ್ತು ಬಾಲ

ಪಿಟಿಟಿ (ಪುಷ್ ಟು ಟಾಕ್, ಅಂದರೆ ಒತ್ತಿ ಮಾತಾಡುವ) ಗುಂಡಿ ಒತ್ತಿದ ತಕ್ಷಣ ಮಾತು ಆಚೆ ಹೋಗುವುದಿಲ್ಲ. ನಿಮ್ಮ ಸೆಟ್ಟು ಕೇಳುವ ಸ್ಥಿತಿಯಿಂದ ಕಳಿಸುವ ಸ್ಥಿತಿಗೆ ಹೊರಳಬೇಕು. ಆ ಕಡೆಯ ಸೆಟ್ಟು ಸಿಗ್ನಲ್ ಬಂದದ್ದನ್ನು ಗುರುತಿಸಿ, ಅದರ ಜೊತೆಗಿರುವ ಟೋನ್ (ತಂಡವನ್ನು ಗುರುತಿಸುವ ಸಂಕೇತ) ತನ್ನದೇ ಎಂದು ಖಚಿತಪಡಿಸಿಕೊಂಡು, ಆಮೇಲೆ ಸ್ಪೀಕರ್ ತೆರೆಯಬೇಕು. ಇಷ್ಟಕ್ಕೆ ಅರ್ಧ ಸೆಕೆಂಡಿನವರೆಗೂ ಹಿಡಿಯಬಹುದು, ನಡುವೆ ರಿಪೀಟರ್ (ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಉಪಕರಣ) ಇದ್ದರೆ ಇನ್ನೂ ಹೆಚ್ಚು. ಒತ್ತುವುದೂ ಮಾತಾಡುವುದೂ ಒಟ್ಟಿಗೇ ಆದರೆ ಮೊದಲ ಅಕ್ಷರ ಹೋಯಿತೆಂದೇ ಲೆಕ್ಕ.

ಕನ್ನಡದಲ್ಲಿ ಇದು ದುಬಾರಿ. ಕ್ರೇನಿನ ಕೆಳಗೆ ನಿಂತವರು "ನಿಲ್ಸು" ಎನ್ನುತ್ತಾರೆ. ಮೊದಲ 'ನ' ಕತ್ತರಿಸಿಹೋದರೆ ಉಳಿಯುವುದು "ಇಲ್ಸು". ಲಕಾರ, ಳಕಾರಗಳ ವ್ಯತ್ಯಾಸ ಆ ಪುಟ್ಟ ಸ್ಪೀಕರಿನಲ್ಲಿ ಸರಿಯಾಗಿ ತಿಳಿಯುವುದಿಲ್ಲ, ಸೈಟಿನ ಗದ್ದಲದಲ್ಲಂತೂ ಇಲ್ಲವೇ ಇಲ್ಲ. ಮೇಲೆ ಕೂತ ಆಪರೇಟರ್ ಕಿವಿಗೆ ಅದು "ಇಳ್ಸು". ನಿಲ್ಲಬೇಕಾದ ಹೊರೆ ಇಳಿಯತೊಡಗುತ್ತದೆ.

ಬಾಲ ಕತ್ತರಿಸಿದರೂ ಅಷ್ಟೇ ಕಷ್ಟ. ನಮ್ಮ ಭಾಷೆಯಲ್ಲಿ ಬೇಕು, ಬೇಡ ಎರಡೂ ವಾಕ್ಯದ ಕೊನೆಗೆ ಬರುತ್ತವೆ. "ಮೇನ್ ಸ್ವಿಚ್ ಹಾಕಬೇಡಿ" ಎನ್ನುವಾಗ ಬೆರಳು ಸ್ವಲ್ಪ ಮೊದಲೇ ಮೇಲೆದ್ದರೆ ಆ ಕಡೆ ತಲುಪುವುದು "ಮೇನ್ ಸ್ವಿಚ್ ಹಾಕಬೇ…" ಕೇಳಿದವರು ಅದನ್ನು "ಹಾಕಬೇಕು" ಎಂದು ಪೂರ್ತಿ ಮಾಡಿಕೊಳ್ಳುವುದು ಸಹಜ.

ಆದ್ದರಿಂದ ಈ ಅಭ್ಯಾಸ ಮಾಡಿಸಿ: ಗುಂಡಿ ಒತ್ತಿ, ಮನಸ್ಸಿನಲ್ಲೇ "ಒಂದು" ಎಂದುಕೊಂಡು ಮಾತು ಶುರು ಮಾಡಿ. ಕೊನೆಯ ಪದ ಮುಗಿದ ಮೇಲೂ ಅರ್ಧ ಸೆಕೆಂಡು ಒತ್ತಿಯೇ ಇರಿ, ಆಮೇಲೆ ಬಿಡಿ. ನಿಲ್ಲಿಸಲು "ಸ್ಟಾಪ್ ಸ್ಟಾಪ್ ಸ್ಟಾಪ್" ಎಂದು ಮೂರು ಸಲ ಹೇಳಿ. ಒಂದು ಕತ್ತರಿಸಿಹೋದರೂ ಎರಡು ತಲುಪುತ್ತವೆ. ಬೆಂಗಳೂರಿನ ಸೈಟುಗಳಲ್ಲಿ ಹಿಂದಿ, ಬಂಗಾಳಿ, ಒಡಿಯಾ ಮಾತಾಡುವವರಿಗೂ ಆ ಪದ ಗೊತ್ತು. ಬೇಡ ಎನ್ನುವ ಸೂಚನೆಯನ್ನು ವಾಕ್ಯದ ಮೊದಲಿಗೂ ತನ್ನಿ: "ಬೇಡ ಬೇಡ, ಮೇನ್ ಸ್ವಿಚ್ ಮುಟ್ಟಬೇಡಿ." ಸಾಧ್ಯವಿದ್ದಲ್ಲಿ ನಕಾರವನ್ನೇ ಬಿಟ್ಟು "ಮೇನ್ ಸ್ವಿಚ್ ಆಫ್‌ನಲ್ಲೇ ಇರಲಿ" ಎನ್ನಿ.

ಅಂಕಿಗಳಲ್ಲೂ ಎಚ್ಚರ ಬೇಕು. ಮೂರು, ಆರು, ನೂರು ಮೂರೂ ಒಂದೇ ರೀತಿ ಮುಗಿಯುತ್ತವೆ. ಹದಿಮೂರು, ಹದಿನಾರು ಸೆಟ್ಟಿನಲ್ಲಿ ಅವಳಿಜವಳಿ. ಮಹಡಿ, ಗೇಟು, ಗಾಡಿ ನಂಬರುಗಳನ್ನು ಬಿಡಿಬಿಡಿಯಾಗಿ ಹೇಳಿ: "ಹದಿನಾರನೇ ಮಹಡಿ, ಒಂದು–ಆರು."

ಕೇಳಿದವರು "ಆಯ್ತು", "ಓಕೆ" ಎಂದರೆ ಸಾಲದು. ಏನು ಕೇಳಿಸಿತೋ ಅದನ್ನೇ ತಿರುಗಿ ಹೇಳಬೇಕು: "ಕಾಪಿ, ಒಂದು–ಆರನೇ ಮಹಡಿ, ಮೇನ್ ಸ್ವಿಚ್ ಆಫ್." (ಕಾಪಿ ಎಂದರೆ ಕೇಳಿಸಿತು.) ತಪ್ಪು ಕೇಳಿಸಿದ್ದರೆ ಅಲ್ಲೇ ಬಯಲಾಗುತ್ತದೆ.

ಮೈಕನ್ನು ತುಟಿಯಿಂದ 2.5ರಿಂದ 5 ಸೆಂಟಿಮೀಟರ್ ದೂರ, ಬಾಯಿಗೆ ತುಸು ಓರೆಯಾಗಿ ಹಿಡಿಯಿರಿ. ನೇರ ಹಿಡಿದರೆ ಪ, ಬ, ಭ ಬಂದಾಗಲೆಲ್ಲ ಉಸಿರು ಬಡಿದು ಮಾತು ಒಡೆಯುತ್ತದೆ. ಕೂಗಬೇಡಿ. ಸೆಟ್ಟು ಒಂದು ಮಟ್ಟಕ್ಕಿಂತ ಜೋರಾದ ದನಿಯನ್ನು ತಾನೇ ಕತ್ತರಿಸುತ್ತದೆ, ಆಗ ಕೂಗು ಇನ್ನೂ ಅಸ್ಪಷ್ಟ. ಗಾಳಿ ಜೋರಿದ್ದರೆ ಅದಕ್ಕೆ ಬೆನ್ನು ಹಾಕಿ ನಿಂತು ಮಾತಾಡಿ.

ಕ್ರೇನ್ ಕೆಲಸದಲ್ಲಿ

ಆಪರೇಟರಿಗೆ ಹೊರೆ ಕಾಣದ ಕಡೆ ಇಡೀ ಕೆಲಸ ಸೆಟ್ಟಿನ ಮೇಲೆ ನಡೆಯುತ್ತದೆ. ಅಲ್ಲಿ ನಿಯಮ ಒಂದೇ: ದನಿ ನಿಂತರೆ ಕ್ರೇನೂ ನಿಲ್ಲಬೇಕು. ಅದಕ್ಕಾಗಿ ಹೊರೆ ಚಲಿಸುತ್ತಿರುವಷ್ಟೂ ಹೊತ್ತು ಸಿಗ್ನಲ್‌ಮನ್ ಮಾತಾಡುತ್ತಲೇ ಇರಬೇಕು: "ಕ್ರೇನ್ ಎರಡು, ಹುಕ್ ಡೌನ್, ಐದು ಮೀಟರ್… ನಾಲ್ಕು… ಮೂರು… ನಿಧಾನ… ಎರಡು… ಒಂದು… ಅರ್ಧ… ಸ್ಟಾಪ್." ಯಾವ ಕ್ರೇನು, ಯಾವ ಕಡೆಗೆ, ಎಷ್ಟು ದೂರ, ಕೊನೆಗೆ ಸ್ಟಾಪ್, ಈ ಕ್ರಮ ಬದಲಾಗಬಾರದು. "ನಾಲ್ಕು" ಆದ ಮೇಲೆ "ಮೂರು" ಬರಲಿಲ್ಲ ಎಂದರೆ ಬ್ಯಾಟರಿ ಸತ್ತಿರಬಹುದು, ಬೇರೆಯವರು ಮಧ್ಯೆ ಒತ್ತಿರಬಹುದು, ಸಿಗ್ನಲ್‌ಮನ್ನೇ ಬಿದ್ದಿರಬಹುದು. ಕಾರಣ ಹುಡುಕುವುದು ಆಮೇಲೆ. ಮೊದಲು ಲಿವರ್ ಬಿಡಬೇಕು.

ಎಡ, ಬಲ ಎರಡೂ ಆಪರೇಟರ್ ಕೂತ ದಿಕ್ಕಿನಿಂದಲೇ ಲೆಕ್ಕ. ಪ್ರತಿ ಕ್ರೇನಿಗೂ ಬೇರೆ ಚಾನಲ್ ಕೊಡಿ, ಅದರಲ್ಲಿ ಸಿಮೆಂಟ್ ಲಾರಿ ಬಂತೇ, ಊಟಕ್ಕೆ ಯಾವಾಗ ಎಂಬ ಮಾತು ನುಸುಳಕೂಡದು. ಆಪರೇಟರ್ ಕೇಳಿಸಿಕೊಳ್ಳಲು ಕೈ ಬಳಸುವಂತಿರಬಾರದು. ಅಮೆರಿಕದಲ್ಲಿ ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಓಷಾ ಸಂಸ್ಥೆಯ ನಿಯಮಗಳೂ ಇದನ್ನೇ ಹೇಳುತ್ತವೆ. ಸ್ಪೀಕರನ್ನೋ ಹೆಡ್‌ಸೆಟ್ಟನ್ನೋ ಕ್ಯಾಬಿನ್‌ನಲ್ಲೇ ಕೂರಿಸಿ. ಹೊರೆ ಎತ್ತುವ ಮೊದಲು, ಹೊರೆ ಹೋಗಿ ನಿಲ್ಲುವ ಜಾಗದಿಂದಲೇ ಸೆಟ್ಟು ಪರೀಕ್ಷಿಸಿ. ಕೆಳಗೆ ಚೆನ್ನಾಗಿ ಕೇಳಿಸಿದ್ದು ಲಿಫ್ಟ್ ಬಾವಿಯ ಹಿಂದೆ, ನೆಲಮಾಳಿಗೆಯಲ್ಲಿ ಕೇಳಿಸಲಿಕ್ಕಿಲ್ಲ.

ಚಾನಲ್ ಕಟ್ಟಿಹೋದಾಗ

ಎಫ್‌ಎಂ ಸೆಟ್ಟುಗಳಲ್ಲಿ ಇಬ್ಬರು ಒಟ್ಟಿಗೆ ಒತ್ತಿದರೆ ಬಲವಾದ ಸಿಗ್ನಲ್ ಮಾತ್ರ ಕೇಳುತ್ತದೆ, ಇಲ್ಲವೇ ಬರೀ ಕೀರಲು. ಸೋತವರಿಗೆ ತಮ್ಮ ಮಾತು ಹೋಗಲಿಲ್ಲ ಎಂಬುದೂ ತಿಳಿಯುವುದಿಲ್ಲ. ಹಾಗಾಗಿ ಒತ್ತುವ ಮೊದಲು ಕೇಳಿಸಿಕೊಳ್ಳಿ. ಟೋನ್ ಅಥವಾ ಪ್ರೈವೆಸಿ ಕೋಡ್ ಹಾಕಿದ ಮಾತ್ರಕ್ಕೆ ನಿಮ್ಮ ಮಾತು ಗುಟ್ಟಾಗುವುದಿಲ್ಲ. ಪಕ್ಕದ ತಂಡದ ದನಿ ನಿಮಗೆ ಕೇಳದಂತೆ ಅದು ಮುಚ್ಚುತ್ತದೆ ಅಷ್ಟೇ, ಚಾನಲ್ ಬಳಕೆಯಲ್ಲೇ ಇರುತ್ತದೆ. ಮಾನಿಟರ್ ಗುಂಡಿ ಒತ್ತಿದರೆ ಅದು ಗೊತ್ತಾಗುತ್ತದೆ.

ಇನ್ನೊಂದು ತೊಂದರೆ ಸಿಕ್ಕಿಕೊಂಡ ಗುಂಡಿ. ಸೆಟ್ಟು ತೊಡೆಯ ಕೆಳಗೋ ಚೀಲದಲ್ಲೋ ಒತ್ತಿಕೊಂಡರೆ ಬಟ್ಟೆಯ ಸರಸರ ಸದ್ದು ಇಡೀ ಚಾನಲನ್ನು ಆಕ್ರಮಿಸುತ್ತದೆ. ಎಲ್ಲರೂ ತಮ್ಮ ಸೆಟ್ಟಿನ ದೀಪ ನೋಡಿಕೊಳ್ಳಬೇಕು: ಸಾಮಾನ್ಯವಾಗಿ ಕೆಂಪು ಎಂದರೆ ಕಳಿಸುತ್ತಿದೆ, ಹಸಿರು ಎಂದರೆ ಬರುತ್ತಿದೆ. ಆದರೆ ತಪ್ಪು ಮಾಡಿದವರಿಗೆ ಆ ಹೊತ್ತು ಯಾರ ಮಾತೂ ಕೇಳುವುದಿಲ್ಲವಲ್ಲ, ಅದಕ್ಕೇ "ಚಾನಲ್ ಕಟ್ಟಿದರೆ ಎಲ್ಲರೂ 5ಕ್ಕೆ ಬನ್ನಿ" ಎಂಬಂತೆ ಬದಲಿ ಚಾನಲನ್ನು ಬೆಳಿಗ್ಗೆಯೇ ಗೊತ್ತುಮಾಡಿಡಿ. ಸೆಟ್ಟಿನಲ್ಲಿ ಟೈಮ್‌ಔಟ್ (ಹೊತ್ತು ಮೀರಿದರೆ ಕಳಿಸುವುದನ್ನು ತಾನೇ ನಿಲ್ಲಿಸುವ) ಸೌಲಭ್ಯವಿದ್ದರೆ 60 ಸೆಕೆಂಡಿಗೆ ಇಡಿಸಿ. ಕ್ರೇನ್ ಕೆಲಸ ಬಿಟ್ಟರೆ ಒಂದು ಸಲಕ್ಕೆ ಹದಿನೈದು ಸೆಕೆಂಡಿಗಿಂತ ಹೆಚ್ಚು ಮಾತು ಹೇಗೂ ಬೇಕಾಗುವುದಿಲ್ಲ.

ಆಂಟೆನಾ ಮತ್ತು ಮೈ

ಈಗ ರೇಡಿಯೇಷನ್. ಮಾಮೂಲಿ ಅನಲಾಗ್ ಸೆಟ್ಟಿನ ಆಂಟೆನಾದಿಂದ ಶಕ್ತಿ ಹೊರಡುವುದು ಗುಂಡಿ ಒತ್ತಿದ್ದಾಗ ಮಾತ್ರ. ಸುಮ್ಮನೆ ಕೇಳುತ್ತಿರುವಾಗ ಹೆದರುವಂಥದ್ದೇನೂ ಇಲ್ಲ. ತಯಾರಕರ ಕೈಪಿಡಿಗಳು ಸಾಮಾನ್ಯವಾಗಿ ಎರಡು ಮಿತಿ ಹೇಳುತ್ತವೆ: ಮಾತಾಡುವಾಗ ಸೆಟ್ಟು ಮುಖದಿಂದ ಕನಿಷ್ಠ 2.5 ಸೆಂಟಿಮೀಟರ್ ದೂರ ಇರಲಿ, ಒಟ್ಟು ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಕಳಿಸುತ್ತಿರಬೇಡಿ. ಸೊಂಟಕ್ಕೆ ಸಿಕ್ಕಿಸಲು ಆ ಸೆಟ್ಟಿಗೆಂದೇ ಕೊಟ್ಟ ಕ್ಲಿಪ್ ಬಳಸಿ, ಮೈಗೂ ಸೆಟ್ಟಿಗೂ ಬೇಕಾದ ಅಂತರವನ್ನು ಅದು ಕಾಯುತ್ತದೆ. ಪೇಸ್‌ಮೇಕರ್ ಇರುವವರು ಕನಿಷ್ಠ 15 ಸೆಂಟಿಮೀಟರ್ ದೂರ ಹಿಡಿಯಬೇಕು, ಎದೆಯ ಜೇಬಿನಲ್ಲಿ ಇಡಲೇಬಾರದು. ತಮ್ಮ ವೈದ್ಯರನ್ನು ಒಮ್ಮೆ ಕೇಳುವುದು ಒಳ್ಳೆಯದು.

ಆಂಟೆನಾವನ್ನೇ ಹಿಡಿದು ಸೆಟ್ಟನ್ನು ಎತ್ತಬೇಡಿ. ರಬ್ಬರ್ ಕಿತ್ತು ತಂತಿ ಕಾಣುವ ಆಂಟೆನಾ ಚರ್ಮಕ್ಕೆ ತಾಗಿರುವಾಗ ಒತ್ತಿದರೆ ಚಿಕ್ಕ ಸುಟ್ಟಗಾಯ ಆಗಬಹುದು. ಆಂಟೆನಾ ಬಿಚ್ಚಿಟ್ಟು ಅಥವಾ ಬೇರೆ ಫ್ರೀಕ್ವೆನ್ಸಿಯದನ್ನು ತಿರುಗಿಸಿ ಒತ್ತಿದರೆ, ಹೊರಹೋಗದ ಶಕ್ತಿ ಒಳಕ್ಕೇ ಮರಳಿ ಕೊನೆಯ ಹಂತದ ಟ್ರಾನ್ಸಿಸ್ಟರನ್ನು ಬಿಸಿ ಮಾಡಿ ಕೊಲ್ಲುತ್ತದೆ. ಅಂಥ ಸೆಟ್ಟು ಕೇಳಿಸಿಕೊಳ್ಳುತ್ತಿರುತ್ತದೆ, ದೀಪವೂ ಕೆಂಪಾಗುತ್ತದೆ, ಮಾತು ಮಾತ್ರ ಹತ್ತು ಹೆಜ್ಜೆ ದಾಟುವುದಿಲ್ಲ.

ಇಯರ್‌ಪೀಸ್ ವಯರನ್ನು ಅಂಗಿಯೊಳಗಿಂದ ತನ್ನಿ, ತಿರುಗುವ ಯಂತ್ರದ ಹತ್ತಿರ ಸೆಟ್ಟನ್ನು ಕೊರಳಿಗೆ ನೇತುಹಾಕುವ ಪಟ್ಟಿ ಬೇಡ. ವಾಲ್ಯೂಮ್ ಕಡಿಮೆ ಮಾಡಿಯೇ ಇಯರ್‌ಪೀಸ್ ಕಿವಿಗಿಟ್ಟು ಆಮೇಲೆ ಏರಿಸಿ.

ಬ್ಯಾಟರಿ

ಹೆಚ್ಚಿನ ಸೆಟ್ಟುಗಳಲ್ಲಿ ಇರುವುದು 7.4 ವೋಲ್ಟಿನ ಲಿಥಿಯಂ ಅಯಾನ್ ಪ್ಯಾಕ್, ಕೆಲವು ಸಣ್ಣ ಸೆಟ್ಟುಗಳಲ್ಲಿ 3.7 ವೋಲ್ಟಿನದು. ಎರಡರ ಚಾರ್ಜರ್ ನೋಡಲು ಒಂದೇ ಥರ ಇದ್ದರೂ ಅದಲುಬದಲು ಮಾಡಬಾರದು. ಬಿಡಿ ಬ್ಯಾಟರಿಯನ್ನು ಕೀಲಿಗೊಂಚಲು, ಚಿಲ್ಲರೆ ಇರುವ ಜೇಬಿಗೆ ಹಾಕಬೇಡಿ: ಹೊರಗೆ ಕಾಣುವ ಆ ಹಿತ್ತಾಳೆ ಬಣ್ಣದ ತುದಿಗಳಿಗೆ ಕೀಲಿ ಅಡ್ಡ ಬಿದ್ದರೆ ಶಾರ್ಟ್ ಆಗಿ ಜೇಬಿನಲ್ಲೇ ಕೆಂಡವಾಗುತ್ತದೆ. ಸೆಟ್ಟು ಆಫ್ ಮಾಡಿ ಚಾರ್ಜಿಗಿಡಿ, ಆರಿದ ಜಾಗದಲ್ಲಿ, ಸುತ್ತ ಬಟ್ಟೆ ಕಾಗದ ಇಲ್ಲದ ಕಡೆ. ಏಪ್ರಿಲ್ ಬಿಸಿಲಲ್ಲಿ ನಿಂತ ಜೀಪಿನ ಡ್ಯಾಶ್‌ಬೋರ್ಡಿನಿಂದ ತಂದ ಬ್ಯಾಟರಿಯನ್ನು ನೆರಳಲ್ಲಿ ತಣ್ಣಗಾಗಲು ಬಿಟ್ಟು ಆಮೇಲೆ ಚಾರ್ಜ್ ಮಾಡಿ. ಉಬ್ಬಿದ ಪ್ಯಾಕ್ ಸೆಟ್ಟಿನ ಹಿಂಭಾಗಕ್ಕೆ ಸರಿಯಾಗಿ ಕೂರುವುದಿಲ್ಲ. ಅದುಮಿ ಕೂರಿಸದೆ ಇ-ತ್ಯಾಜ್ಯ ಸಂಗ್ರಹದವರಿಗೆ ಕೊಡಿ. ತಿಂಗಳುಗಟ್ಟಲೆ ಎತ್ತಿಡುವುದಾದರೆ ಅರ್ಧ ಚಾರ್ಜಿನಲ್ಲಿ ಇಡಿ.

ನೀರಿಗೆ ಬಿದ್ದರೆ ಮೊದಲು ಬ್ಯಾಟರಿ ತೆಗೆಯಿರಿ. ಐಪಿ67 ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಎಂದು ಅರ್ಥ, ಆದರೆ ಇಯರ್‌ಪೀಸ್ ಕಿಂಡಿಯ ರಬ್ಬರ್ ಮುಚ್ಚಳ ಕಳೆದುಹೋಗಿದ್ದರೆ ಆ ಮಾತಿಗೆ ಬೆಲೆಯಿಲ್ಲ.

ಆಫ್ ಮಾಡಲೇಬೇಕಾದ ಜಾಗಗಳು

ಪೆಟ್ರೋಲ್ ಬಂಕ್, ಗ್ಯಾಸ್ ಗೋದಾಮು, ಎಥನಾಲ್ ಡಿಸ್ಟಿಲರಿ. ಸಕ್ಕರೆಯ ನುಣುಪಾದ ಧೂಳು ಗಾಳಿಯಲ್ಲಿ ತೇಲುವ ಗೋದಾಮನ್ನೂ ಇದಕ್ಕೆ ಸೇರಿಸಿ, ಆ ಧೂಳೂ ಸ್ಫೋಟಿಸುತ್ತದೆ. ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ಕಾರ್ಖಾನೆಯಲ್ಲಿ ಕೆಲಸ ಮಾಡುವವರಿಗೆ ಇದು ದಿನದ ಮಾತು. ಇಂಥ ಕಡೆ 'ಎಕ್ಸ್' (Ex, ಸ್ಫೋಟದ ಅಪಾಯವಿರುವ ಜಾಗಕ್ಕೆಂದೇ ಮಾಡಿದ್ದು) ಗುರುತಿನ, ಪ್ರಮಾಣಪತ್ರವಿರುವ ಸೆಟ್ಟು ಮಾತ್ರ ಬಳಸಬೇಕು. ಆ ಪ್ರಮಾಣಪತ್ರ ಸೆಟ್ಟು, ಬ್ಯಾಟರಿ ಎರಡಕ್ಕೂ ಸೇರಿಸಿ ಕೊಟ್ಟದ್ದು. ಮಾಮೂಲಿ ಬ್ಯಾಟರಿ ಹಾಕಿದರೆ, ಸೆಟ್ಟನ್ನು ಬೇರೆಲ್ಲೋ ಬಿಚ್ಚಿ ರಿಪೇರಿ ಮಾಡಿಸಿದರೆ ಅದು ಮತ್ತೆ ಮಾಮೂಲಿ ಸೆಟ್ಟೇ. ಎಂಥ ಸೆಟ್ಟಾದರೂ ಅಲ್ಲಿ ಬ್ಯಾಟರಿ ಬದಲಿಸುವುದು, ಚಾರ್ಜ್ ಮಾಡುವುದು ಕೂಡದು: ತುದಿ ಬಿಡುವಾಗ ಹಾರುವ ಕಿಡಿ ಸಾಕು.

ಕಲ್ಲುಕ್ವಾರಿಯಲ್ಲಿ ಬ್ಲಾಸ್ಟಿಂಗ್ ಇರುವಾಗ ಎಲೆಕ್ಟ್ರಿಕ್ ಡಿಟೊನೇಟರ್ ಬಳಸಿದ್ದರೆ ಅದರ ವಯರೇ ಆಂಟೆನಾ ಆಗಿ ಹತ್ತಿರದ ಸೆಟ್ಟಿನ ಶಕ್ತಿಯನ್ನು ಹೀರಬಲ್ಲದು. ಒಳಗೆ ಯಾವ ಬಗೆಯದು ಹಾಕಿದ್ದಾರೆ ಎಂದು ದಾರಿಹೋಕರಿಗೆ ತಿಳಿಯದು. ಬ್ಲಾಸ್ಟರ್ ಹೇಳಿದ ದೂರದಲ್ಲೇ ಸೆಟ್ಟನ್ನು ಪೂರ್ತಿ ಆಫ್ ಮಾಡಿ. ವಾಲ್ಯೂಮ್ ತಗ್ಗಿಸಿದರೆ ಸಾಲದು. ಕೆಲವು ಡಿಜಿಟಲ್ ಸೆಟ್ಟುಗಳು ನೀವು ಒತ್ತದಿದ್ದರೂ ತಾವಾಗಿ ಸಿಗ್ನಲ್ ಕಳಿಸುತ್ತಿರುತ್ತವೆ.

ಕೊಳ್ಳುವಾಗ

ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ವಾಕಿಟಾಕಿಗಳು 446.0–446.2 ಮೆಗಾಹರ್ಟ್ಜ್ ಅಥವಾ 865–868 ಮೆಗಾಹರ್ಟ್ಜ್ ಪಟ್ಟಿಯವು, 865–868ರಲ್ಲಿ ಟ್ರಾನ್ಸ್‌ಮಿಟರ್ ಶಕ್ತಿ 1 ವಾಟ್ ಮೀರುವಂತಿಲ್ಲ. ಪೆಟ್ಟಿಗೆಯ ಮೇಲೆ ಈ ಅಂಕಿ ನೋಡಿ, ಇಟಿಎ (ಉಪಕರಣದ ಮಾದರಿಗೆ ಸರ್ಕಾರ ಕೊಡುವ ಒಪ್ಪಿಗೆ) ಪ್ರಮಾಣಪತ್ರ ಕೇಳಿ. ಅಮೆರಿಕದಿಂದ ನೆಂಟರು ತಂದ ಸೆಟ್ಟು 462 ಮೆಗಾಹರ್ಟ್ಜ್ ಸುತ್ತಮುತ್ತಲಿನದು. ಅಲ್ಲಿ ಮುಕ್ತವಾಗಿದ್ದರೂ ಇಲ್ಲಿ ಅಲ್ಲ. 136–174, 400–520 ಎಂದು ಬರೆದ ಅಗ್ಗದ ಸೆಟ್ಟುಗಳು ಇತರರಿಗೆ ಹಂಚಿಕೆಯಾದ ಫ್ರೀಕ್ವೆನ್ಸಿಗಳಲ್ಲೂ ಕಳಿಸಬಲ್ಲವು, ಅದರಲ್ಲಿ ಅಪಾಯವಿದೆ, ಅಪರಾಧವೂ ಇದೆ. ಹ್ಯಾಮ್ ಲೈಸೆನ್ಸ್ ಇದ್ದವರು ತಮ್ಮ ಪಟ್ಟಿಯಲ್ಲಿ ಮಾತಾಡಬಹುದು, ಆದರೆ ವ್ಯಾಪಾರದ ಕೆಲಸಕ್ಕೆ ಬಳಸುವಂತಿಲ್ಲ. ಮಿಕ್ಕ ಫ್ರೀಕ್ವೆನ್ಸಿ ಬೇಕಿದ್ದರೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದಿಂದ ಲೈಸೆನ್ಸ್ ಪಡೆಯಬೇಕು.

ಪೆಟ್ಟಿಗೆಯ ಮೇಲಿನ ಹತ್ತು ಕಿಲೋಮೀಟರ್ ಒಂದು ಬೆಟ್ಟದ ತುದಿಯಿಂದ ಇನ್ನೊಂದರ ತುದಿಗೆ. 1 ವಾಟ್ ಸೆಟ್ಟಿನಲ್ಲಿ ಕಾಂಕ್ರೀಟ್ ನಡುವೆ ಕೆಲವು ನೂರು ಮೀಟರ್ ಸಿಕ್ಕರೆ ಸರಿ.

ಆಪತ್ತಿನಲ್ಲಿ

ಘಟ್ಟದಲ್ಲಿ ಚಾರಣಕ್ಕೆ ಒಯ್ದ ಸೆಟ್ಟು ಪೊಲೀಸರಿಗೂ ಅರಣ್ಯ ಇಲಾಖೆಗೂ ಮುಟ್ಟುವುದಿಲ್ಲ, ನಿಮ್ಮ ಜೊತೆಯವರಿಗಷ್ಟೇ. ಕಣಿವೆಯಲ್ಲಿ ಸಿಗ್ನಲ್ ಸಿಗದಿದ್ದರೆ, ಮಿಂಚು ಗುಡುಗು ಇಲ್ಲದಿದ್ದಾಗ ಮಾತ್ರ ಗುಡ್ಡದ ನೆತ್ತಿಗೆ ಹತ್ತಿ, ಆಂಟೆನಾ ನೆಟ್ಟಗೆ ಹಿಡಿದು ಪ್ರಯತ್ನಿಸಿ. ತಂಡದಲ್ಲಿ ಒಬ್ಬರು ಫೋನ್ ಸಿಗ್ನಲ್ ಇರುವ ಕಡೆ ನಿಂತು 112ಕ್ಕೆ ಕರೆ ಮಾಡುವ ಹೊಣೆ ಹೊರಬೇಕು. ಅವರಿಗೆ ಹೇಳುವಾಗ ಏನಾಯಿತು ಎಂಬುದಕ್ಕಿಂತ ಮೊದಲು ಎಲ್ಲಿ ಎಂಬುದನ್ನು ಹೇಳಿ, ಎರಡು ಸಲ ಹೇಳಿ: "ಎಮರ್ಜೆನ್ಸಿ. ದೊಡ್ಡ ಬಂಡೆ ದಾಟಿ ಎರಡನೇ ಹಳ್ಳ, ಎರಡನೇ ಹಳ್ಳ. ಒಬ್ಬರ ಕಾಲು ಮುರಿದಿದೆ. ಓವರ್." ಬ್ಯಾಟರಿ ಅಲ್ಲಿಗೇ ಸತ್ತರೂ ಜನ ಎಲ್ಲಿಗೆ ಬರಬೇಕೆಂದು ಗೊತ್ತಿರುತ್ತದೆ.